ಬೆಳವಲಕಾಯಿಯಷ್ಟು ಗಡ್ಡೆ

ಚಂದ್ರವ್ವನ ಹೊಟ್ಟೆಯಿಂದ ತೆಗೆದ ಗಡ್ಡೆ ಮೊದಲು ನಿಂಬೆಹಣ್ಣಿನಷ್ಟೇ ಇತ್ತು. ಪುಣೆಯಿಂದ ಬಂದು ಗದಗ ಸ್ಟೇಷನ್ನಿನಲ್ಲಿ ಇಳಿದಾಗ ಅವಳ ಗಂಡ ಕುಬೇರಪ್ಪ ಟಾಂಗಾದವನಿಗೆ ಹಾಗೆಂದೇ ಹೇಳಿದ್ದ. ಟಾಂಗಾ ಬೆಟಗೇರಿಯ ಓಣಿಯ ಬಾಯಿಗೆ ಬರುವಷ್ಟರಲ್ಲಿ ಅದು ಮೋಸಂಬಿಯಾಯಿತು. ಶ್ರಾವಣ ಕಳೆಯುವುದರೊಳಗೆ ಬೆಳವಲಕಾಯಿಯಾಗಿ, ಅದಕ್ಕೆ ಬೇರು ಮೂಡಿ, ಪುಣೆಯ ದೊಡ್ಡ ಡಾಕ್ಟರು ಅದನ್ನು ಬಿಳಿ ತಾಟಿನಲ್ಲಿಟ್ಟು ತಂದು ಕುಬೇರಪ್ಪನಿಗೆ ತೋರಿಸಿ, ಇಂಥಾದ್ದು ತಾನೂ ಕಂಡಿಲ್ಲ ಎಂದರಂತೆ ಎನ್ನುವಲ್ಲಿಗೆ ಮಾತು ಬಂದು ನಿಂತಿತ್ತು.

ಜನರೂ ಹಾಗೇ ಇದ್ದರು ಬಿಡಿ. ಹೊಟ್ಟೆ ಕೊಯ್ಸಿಕೊಂಡು ಬಂದವರನ್ನು ಹೇಗಿದ್ದೀರಿ ಎಂದು ಮೊದಲು ಯಾರು ಕೇಳುತ್ತಾರೆ? ಒಳಗಿನಿಂದ ಏನು ಬಂತು, ಎಷ್ಟು ದೊಡ್ಡದಿತ್ತು, ಕಣ್ಣಾರೆ ಕಂಡಿರೋ ಇಲ್ಲವೋ, ಇದೇ ಮಾತು. ಕಾಣದಿದ್ದರೆ ಆಪರೇಶನ್ ಆಗಿದ್ದೇ ಸುಳ್ಳು. ಕುಬೇರಪ್ಪ ಎರಡೂ ಅಂಗೈ ಕೂಡಿಸಿ ಬಟ್ಟಲು ಮಾಡಿ ಅಳತೆ ತೋರಿಸುತ್ತಿದ್ದ, ಓಣಿಯವರು ಲೊಚಗುಟ್ಟುತ್ತಿದ್ದರು. ಮಗ್ಗದ ಕುಣಿಯಲ್ಲಿ ಕೂತ ಚಂದ್ರವ್ವ ಅದನ್ನು ಕೇಳಿ ಹೊಟ್ಟೆಯ ಮೇಲಿನ ಗಾಯದ ಕಲೆಯನ್ನು ಒಮ್ಮೆ ಸವರಿಕೊಂಡು, ಹೋಯಿತಲ್ಲ ಪೀಡೆ ಎಂದುಕೊಂಡು ಲಾಳಿ ಎಸೆಯುತ್ತಿದ್ದಳು.

ಪೀಡೆ ಹಿಡಿದದ್ದು ಯಾರಿಗೂ ತಿಳಿದೇ ಇರಲಿಲ್ಲ. ಬೇಸಿಗೆಯಲ್ಲಿ ಮನೆಯವರೆಲ್ಲ ನೂಲಿಗೆ ಹಳದಿ ಬಣ್ಣ ಹಾಕುತ್ತಿದ್ದರು, ಎಲ್ಲರ ಕೈಯೂ ಮೊಣಕೈವರೆಗೆ ಹಳದಿ. ಚಂದ್ರವ್ವನ ಕೈ ತೊಳೆದರೂ ಹೋಗದಾದಾಗ ಬಣ್ಣ ಚಲೋ ಹಿಡಿದಿದೆ ಎಂದು ಕುಬೇರಪ್ಪ ಚೇಷ್ಟೆ ಮಾಡಿದ್ದ. ಕಣ್ಣೂ ಹಳದಿಯಾದಾಗಲೇ ಕಾಮಣಿ ಎಂದು ಗೊತ್ತಾದದ್ದು. ಲಕ್ಕುಂಡಿಯ ನಾಟಿ ವೈದ್ಯ ಹುಚ್ಚೀರಪ್ಪ ಯಾವುದೋ ಸೊಪ್ಪಿನ ರಸ ಕುಡಿಸಿ ಮುಂಗೈಗೆ ಬರೆ ಹಾಕಿದ. ಉಪ್ಪಿಲ್ಲದ ಅನ್ನ ಉಂಡದ್ದಾಯಿತು. ನೋವಿಲ್ಲ, ಜ್ವರವಿಲ್ಲ, ಆದರೆ ಮೈ ಪರಪರ ಕೆರೆದು ಕೆರೆದು ಉಗುರಿಗೆ ರಕ್ತ ಬರುತ್ತಿತ್ತು. ಕಡೆಗೆ ಗದಗಿನ ಡಾಕ್ಟರ್ ಮಾರ್ತಾಂಡರಾಯರು ಹೊಟ್ಟೆ ಮುಟ್ಟಿ ನೋಡಿ, ಇದು ಔಷಧಕ್ಕೆ ಬಗ್ಗುವ ಕಾಮಣಿಯಲ್ಲ, ಪಿತ್ತದ ದಾರಿಯನ್ನು ಏನೋ ಒತ್ತಿ ಹಿಡಿದಿದೆ, ಕೊಯ್ದೇ ನೋಡಬೇಕು ಎಂದು ಪುಣೆಗೆ ಕಳಿಸಿದ್ದರು. ಪುಣೆಯಿಂದ ಬಂದ ಮೇಲೆ ಹಳದಿ ಇಳಿಯಿತು, ಕೆರೆತ ನಿಂತಿತು, ಚಂದ್ರವ್ವ ಮೊದಲಿನಂತೆ ರೊಟ್ಟಿ ತಿಂದು ಮೊದಲಿನಂತೆ ಎಲ್ಲರನ್ನೂ ಬೈಯತೊಡಗಿದಳು.

ಮಗಳು ಬನಶಂಕರೆವ್ವ ಬಾಗಿಲಿಗೆ ಬಂದದ್ದು ಆಗಲೇ. ಮಗಳನ್ನು ಚಂದ್ರವ್ವ ತನ್ನ ತಮ್ಮ ಕಲ್ಲಣ್ಣನಿಗೇ ಕೊಟ್ಟಿದ್ದಳು. ಕಲ್ಲಣ್ಣ ಕುಡಿದು ಬಂದು ಮಗ್ಗದ ಹಲಗೆಯಿಂದ ಹೊಡೆಯುತ್ತಿದ್ದ. ತಾಳುವಷ್ಟು ತಾಳಿ ಹುಡುಗಿ ಅವನನ್ನು ಬಿಟ್ಟು, ಹಮ್ಮಿಗಿಯ ಹನಮಪ್ಪನೆಂಬ ರೈತನ ಕೂಡ ಉಡಿಕೆಯಾಗಿ ಎರಡನೆಯ ಸಂಸಾರ ಹೂಡಿದಳು. ತಮ್ಮನ ಮಾನ ಹೋಯಿತೆಂದು ಚಂದ್ರವ್ವ ತನ್ನ ಹೆಣವನ್ನೂ ಅವಳು ನೋಡಕೂಡದು ಎಂದು ಆಣೆ ಹಾಕಿದ್ದಳು. ವರ್ಷಗಳೇ ಕಳೆದಿದ್ದವು. ಆಪರೇಶನ್ ಸುದ್ದಿ ಕೇಳಿ, ಬುಟ್ಟಿಯಲ್ಲಿ ಹೊಳೆದಂಡೆಯ ಬದನೆಕಾಯಿ ಹೊತ್ತು ಹುಡುಗಿ ಬಂದು ಹೊಸ್ತಿಲಲ್ಲಿ ನಿಂತಳು. ಚಂದ್ರವ್ವ ನೋಡಿದಳು, ಮುಖ ತಿರುವಿದಳು, ಮಗ್ಗ ಹೊಡೆಯತೊಡಗಿದಳು. ಮಗಳು ಏನೋ ಅಂದಳು. ಮಗ್ಗದ ಸದ್ದಿನಲ್ಲಿ ಅದು ಕೇಳಿಸಲಿಲ್ಲ, ಕೇಳಿಸಬಾರದೆಂದೇ ಹೊಡೆದದ್ದು. ಮಧ್ಯಾಹ್ನದವರೆಗೆ ನಿಂತು ಹುಡುಗಿ ಹೊರಟುಹೋದಳು. ಅವ್ವ ಆರಾಮಾದಳಲ್ಲ, ಸಿಟ್ಟು ಇಳಿಯಲಿಕ್ಕೆ ಇನ್ನೂ ದಿನ ಇವೆ ಎಂದು ಅಪ್ಪನಿಗೆ ಹೇಳಿ ಹೋದಳಂತೆ. ಚಂದ್ರವ್ವನೂ ಹಾಗೇ ಅಂದುಕೊಂಡಿದ್ದಳು. ಇನ್ನೊಂದೆರಡು ಸಲ ಬಂದು ನಿಲ್ಲಲಿ, ಆಮೇಲೆ ನೋಡೋಣ ಎಂದು.

ದೀಪಾವಳಿ ಹತ್ತಿರ ಬಂತು. ಆ ವರ್ಷ ದೀಪಾವಳಿಯ ಜೊತೆಗೇ ನಾಡೂ ಒಂದಾಗುವುದಿತ್ತು. ಮುಂಬಯಿ ರಾಜ್ಯದಿಂದ ಬಿಟ್ಟು ಕನ್ನಡದ ಜನರೆಲ್ಲ ಒಂದೇ ರಾಜ್ಯವಾಗುತ್ತೇವೆಂದು ಗದಗು ಬೆಟಗೇರಿಗಳಲ್ಲಿ ಹಗಲೆಲ್ಲ ಮೆರವಣಿಗೆ. ಭಾಷಣವೆಂದರೆ ಪ್ರಾಣ ಬಿಡುವ ಕುಬೇರಪ್ಪ ಮನೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಚಂದ್ರವ್ವ ಒಂದು ಒಳ್ಳೆಯ ಕುಪ್ಪಸದ ಖಣ ಮಡಿಚಿಕೊಂಡು, ಮಾರ್ತಾಂಡರಾಯರ ಹೆಂಡತಿಗೆ ಹಬ್ಬಕ್ಕೆ ಕೊಟ್ಟು ಬರೋಣವೆಂದು ಗದಗಿಗೆ ನಡೆದಳು. ಜೀವ ಉಳಿಸಿದವರಿಗೆ ಅಷ್ಟಾದರೂ ಬೇಡವೇ?

ಖಣ ಕೊಟ್ಟಾದ ಮೇಲೆ ಸುಮ್ಮನೆ ಬರಬಹುದಿತ್ತು. ಆದರೆ ತನ್ನ ಹೊಟ್ಟೆಯಲ್ಲಿದ್ದದ್ದನ್ನು ಊರೆಲ್ಲ ಬಲ್ಲದು, ತಾನು ಮಾತ್ರ ಕಂಡಿಲ್ಲ ಎನ್ನುವುದು ಅವಳನ್ನು ಕೊರೆಯುತ್ತಿತ್ತು. ಅದು ಖರೆ ಅಷ್ಟು ದೊಡ್ಡದಿತ್ತೇ ಎಂದು ಕೇಳಿದಳು.

“ಯಾವುದು?” ಎಂದರು ರಾಯರು.

“ಗಡ್ಡಿ ರೀ. ಪುಣೇದಾಗ ತಗದದ್ದು.”

ರಾಯರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಕುಬೇರಪ್ಪ ಏನೂ ಹೇಳಿಲ್ಲವೇ ಎಂದು ಕೇಳಿದರು. ಬೆಳವಲಕಾಯಿಯಷ್ಟಿತ್ತೆಂದು ಹೇಳಿದ್ದಾನೆ ಎಂದು ಅವಳೆಂದಳು. ಆಗ ಅವರು ಅವಳನ್ನು ಬೆಂಚಿನ ಮೇಲೆ ಕೂಡಿಸಿ ಹೇಳಿದರು. ಜಠರದ ಹಿಂದೆ ಮೇದೋಜೀರಕವೆಂಬ ಒಂದು ಗ್ರಂಥಿ ಇರುತ್ತದೆ, ಗಡ್ಡೆ ಅದರ ತಲೆಯಲ್ಲಿತ್ತು. ಅದೇ ಪಿತ್ತದ ನಳಿಗೆಯನ್ನು ಒತ್ತಿ ಮುಚ್ಚಿದ್ದು. ಪುಣೆಯವರು ಹೊಟ್ಟೆ ತೆರೆದು ನೋಡಿದಾಗ ಅದು ದೊಡ್ಡ ರಕ್ತನಾಳಕ್ಕೆ ಕಚ್ಚಿಕೊಂಡಿತ್ತು, ಕೀಳಹೋದರೆ ಮೇಜಿನ ಮೇಲೇ ಜೀವ ಹೋಗುತ್ತಿತ್ತು. ಆದ್ದರಿಂದ ಪಿತ್ತದ ಚೀಲವನ್ನು ಕರುಳಿಗೆ ಕೂಡಿಸಿ ಹೊಲಿದು, ಪಿತ್ತ ಹರಿಯಲು ಬೇರೆ ದಾರಿ ಮಾಡಿ, ಹೊಟ್ಟೆ ಮುಚ್ಚಿದರು. ಹಳದಿ ಇಳಿದದ್ದು ಅದರಿಂದ.

“ಮತ್ತ ಗಡ್ಡಿ?”

“ಒಳಗೇ ಅದ, ಚಂದ್ರವ್ವ. ಬ್ಯಾಸಗಿ ದಾಟೋದು ಕಠಿಣ ಅದ. ಮನಿ ಯಜಮಾನಗ ಎಲ್ಲಾ ತಿಳಿಸಿ ಹೇಳಿದ್ದರು.”

“ಕೊಯ್ದದ್ದು ಯಾರ ಹೊಟ್ಟೀನ್ರಿ? ಯಜಮಾನಂದೇನು?”

ಹೆಂಗಸಿನ ಹೊಟ್ಟೆ ಕೊಯ್ಯಲು ಗಂಡನ ಹೆಬ್ಬೆಟ್ಟು, ಒಳಗೆ ಕಂಡದ್ದು ಗಂಡನ ಕಿವಿಗೆ. ಅವಳಿಗೆ ಉಳಿದದ್ದು ಗಾಯದ ಕಲೆ ಮತ್ತು ಬೆಳವಲಕಾಯಿಯ ಕಥೆ. ಇದಕ್ಕೆ ಸಿಟ್ಟು ಬರದಿದ್ದರೆ ಇನ್ನು ಯಾತಕ್ಕೆ ಬರಬೇಕು, ಹೇಳಿ.

ಚಂದ್ರವ್ವ ಬೆಟಗೇರಿಯವರೆಗೆ ದಾಪುಗಾಲು ಹಾಕಿ ಬಂದಳು. ದಾರಿಯಲ್ಲಿ ಅವಳಿಗೆ ಸಾವು ನೆನಪಾಗಲಿಲ್ಲ. ಹೊಸ್ತಿಲಲ್ಲಿ ಬುಟ್ಟಿ ಹಿಡಿದು ನಿಂತ ಮಗಳು ನೆನಪಾದಳು. ಆ ಹೊತ್ತು ಕುಬೇರಪ್ಪ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. ಎಲ್ಲ ಗೊತ್ತಿದ್ದೂ ನಿಂತಿದ್ದ.

ಅವನು ನೇಕಾರರ ಓಣಿಯ ಚಾವಡಿಯ ಮುಂದೆ ಹತ್ತು ಮಂದಿಯ ನಡುವೆ ಮಾವಿನ ತೋರಣ ಕಟ್ಟಿಸುತ್ತಿದ್ದ. ಚಂದ್ರವ್ವ ನೇರ ಹೋಗಿ ಎದುರು ನಿಂತು, ಗಡ್ಡೆ ಎಷ್ಟಿತ್ತು ಎಂದು ಕೇಳಿದಳು. ಹೆಂಡತಿ ನಾಲ್ಕು ಜನರೆದುರು ಕೇಳುತ್ತಿದ್ದಾಳೆಂದು ಅವನಿಗೆ ಹುರುಪೇ ಬಂತು. ರೂಢಿಯಂತೆ ಎರಡೂ ಅಂಗೈ ಕೂಡಿಸಿ ಬಟ್ಟಲು ಮಾಡಿ ಹಿಡಿದ.

“ಹಂಗ ಹಿಡದು ನಿಂದರ್ರಿ. ಎಲ್ಲಾರೂ ನೋಡಲಿ. ಅಷ್ಟು ದೊಡ್ಡದು ಇನ್ನೂ ನನ್ನ ಹೊಟ್ಟ್ಯಾಗ ಐತಿ.”

ಕುಬೇರಪ್ಪನ ಕೈಗಳು ಹಾಗೇ ನಿಂತವು. ಮುಖ ಮಾತ್ರ ಇಳಿಯಿತು. ಆಮೇಲೆ ಅವನು ಅಲ್ಲೇ ಕುಸಿದು ಕೂತು, ಹೇಳಲು ಬಾಯಿ ಬರಲಿಲ್ಲ, ಹೇಳಿದ್ದರೆ ನೀನು ಊಟ ಬಿಡುತ್ತಿದ್ದೆ, ನಿನ್ನ ನಗೆ ನೋಡಿ ನನಗೇ ಅದು ಹೋಗಿದೆ ಅನಿಸುತ್ತಿತ್ತು ಎಂದು ಬಿಕ್ಕಿಬಿಕ್ಕಿ ಹೇಳಿದ. ಸುಳ್ಳಲ್ಲ ಅದು. ಅವನಿಗೆ ಹೆಂಡತಿಯೆಂದರೆ ಜೀವ. ಆದರೆ ಅವಳ ಸಿಟ್ಟಿಗೆ ಅದು ತುಪ್ಪ ಸುರಿದಂತಾಯಿತು.

ಮದುವೆಯಾದಾಗಿನಿಂದ ಗಂಡನಿಗೆ ನೀನು ಎಂದವಳಲ್ಲ ಚಂದ್ರವ್ವ. ಅಂದು ಅಂದಳು.

“ನಾ ಸಾಯೋದು ಮುಚ್ಚಿಟ್ಟಿ, ಇರಲಿ. ಬನಶಂಕ್ರಿ ಬಂದು ಬಾಗಲಾಗ ನಿಂತಾಗರ ಬಾಯಿ ಬಿಡಬೇಕಿತ್ತಿಲ್ಲೊ? ನಾಡು ಕೂಡಸಾಕ ಹೊಂಟಾಂವ ನೀ. ನನ್ನ ಮಗಳನ್ನ ನನಗ ಕೂಡಸಲಿಲ್ಲ.”

ತೋರಣ ಕಟ್ಟುವವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಮರುದಿನ ಅವಳು ಮುಂಡರಗಿಯ ಬಸ್ಸು ಹತ್ತಿದಳು. ಕುಬೇರಪ್ಪ ಬಟ್ಟೆಯ ಗಂಟು ಹೊತ್ತು ಹಿಂದೆ ಬಂದ. ಬೇಡವೆನ್ನಲು ಅವಳು ಅವನ ಜೊತೆ ಮಾತಾಡಬೇಕಲ್ಲ, ಮಾತೇ ಇರಲಿಲ್ಲ. ಅವಳು ಮುಂದೆ ಹೆಂಗಸರಲ್ಲಿ ಕೂತಳು, ಅವನು ತೀರ ಹಿಂದೆ. ದಾರಿಗುಂಟ ಊರೂರಿಗೆ ಬಾವುಟ, ಹಲಗೆ ಬಡಿತ, ಜೈಕಾರ. ಮೆರವಣಿಗೆ ಅಡ್ಡ ಬಂದಾಗಲೆಲ್ಲ ಬಸ್ಸು ನಿಂತಿತು, ಚಂದ್ರವ್ವ ಕಿಟಕಿಯಿಂದ ಕತ್ತು ಹಾಕಿ ಜಲ್ದಿ ಸರಿಯಿರೆಂದು ಗದರಿಸಿದಳು. ಮುಂಡರಗಿಯಿಂದ ಹಮ್ಮಿಗಿಯವರೆಗೆ ಚಕ್ಕಡಿಯಲ್ಲಿ ಹೊಟ್ಟೆ ಹಿಡಿದುಕೊಂಡೇ ಕೂತಿದ್ದಳು.

ಹೊಳೆಯ ದಂಡೆಯ ಆ ಮನೆಯ ಮುಂದೆ ಬನಶಂಕರೆವ್ವ ಹಬ್ಬಕ್ಕೆ ನೆಲ ಸಾರಿಸುತ್ತಿದ್ದಳು. ಎರಡೂ ಕೈ ಸಗಣಿ. ತಾಯಿಯನ್ನು ಕಂಡು ಎದ್ದು ನಿಂತಳು, ಮುಂದೆ ಬರಲಿಲ್ಲ. ಒಳಗಿನಿಂದ ಬಂದ ಹನಮಪ್ಪ ಅತ್ತೆಗೆ ಕೈಮುಗಿದು, ನೀರು ತರುತ್ತೇನೆಂದು ಅಲ್ಲಿಂದ ಜಾರಿದ. ಈ ಸಲ ಹೊಸ್ತಿಲಾಚೆ ನಿಂತವಳು ಚಂದ್ರವ್ವ.

“ಈಗ ಪೂರ್ತಿ ಆರಾಮಾದಿಯೇನವ್ವಾ? ಬೆಳವಲಕಾಯಿಯಷ್ಟು ಗಡ್ಡಿ ತಗದಾರಂತ ಅಪ್ಪ ಹೇಳಿದ.”

ಹಾಗೆನ್ನುವಾಗ ಹುಡುಗಿಯ ಮುಖ ಅರಳಿತು. ಆ ಮುಖ ನೋಡಿದಾಗ, ಹೌದು ತೆಗೆದಿದ್ದಾರೆ ಎಂಬ ಮಾತು ಚಂದ್ರವ್ವನ ತುದಿನಾಲಿಗೆಗೆ ಬಂತು. ಗಂಡ ಹೇಗೆ ಸುಳ್ಳಾಡಿದನೆಂಬುದು ಅವಳಿಗೆ ಆಗ ತಿಳಿಯಿತು, ತಿಳಿದದ್ದಕ್ಕೆ ಇನ್ನಷ್ಟು ಉರಿಯಿತು. ಕುಬೇರಪ್ಪ ಗಂಟು ಹಿಡಿದು ಹಿಂದೆ ನಿಂತಿದ್ದ.

“ತಗದಿಲ್ಲವ್ವಾ. ಒಳಗೇ ಐತಿ. ಬ್ಯಾಸಗಿ ದಾಟೂದಿಲ್ಲಂತ. ನನಗ ಯಾರೂ ಹೇಳಿರಲಿಲ್ಲ. ಗೊತ್ತಿದ್ರ ಅವತ್ತ ನಾ ಮಗ್ಗ ಬಿಟ್ಟು ಏಳತಿದ್ನಿ.”

ಮಗಳು ಅಳುತ್ತಾಳೆಂದು ಚಂದ್ರವ್ವ ಅಂದುಕೊಂಡಿದ್ದಳು. ಅವಳು ಅಳಲಿಲ್ಲ. ಇವಳದೇ ಹೊಟ್ಟೆಯ ಮಗಳಲ್ಲವೇ, ಕಣ್ಣು ಕೆಂಪಾದವು.

“ಸಾಯ್ತೀನಿ ಅಂತ ಗೊತ್ತಾತು, ಬಂದಿ. ಬದಕ್ತೀನಿ ಅಂತಿದ್ದಾಗ ನಾ ನಿನ್ನ ಬಾಗಲಾಗ ನಿಂತಿದ್ನೆಲ್ಲ, ಆಗ ಏಳಾಕ ಏನಾಗಿತ್ತು ನಿನಗ? ಕಲ್ಲಣ್ಣ ಮಾವ ನನ್ನ ಹೊಡೀತಿದ್ದ ಅಂತ ಯಾರೂ ನಿನಗ ಮುಚ್ಚಿಟ್ಟಿರಲಿಲ್ಲ.”

ಚಂದ್ರವ್ವ ಡಾಕ್ಟರಿಗೆ ಉತ್ತರ ಕೊಟ್ಟಿದ್ದಳು, ಗಂಡನಿಗೆ ಕೊಟ್ಟಿದ್ದಳು. ಈ ಮಾತಿಗೆ ನಿನ್ನೆಯಿಂದ ಕಾಯಿಸಿ ತಂದ ಸಿಟ್ಟೆಲ್ಲ ಹೊರಳಿ ಬಂದು ಚಂದ್ರವ್ವನ ಮೇಲೇ ಬಿತ್ತು.

“ಇಲ್ಲ, ಯಾರೂ ಮುಚ್ಚಿಟ್ಟಿರಲಿಲ್ಲ” ಎಂದಳು. “ತಪ್ಪು ನಂದು.”

ಮಗಳು ಸಗಣಿಯ ಕೈಯಿಂದಲೇ ತಾಯಿಯ ರಟ್ಟೆ ಹಿಡಿದಳು.

“ಒಳಗ ಬಾ. ನಿನ್ನ ಜೋಡಿ ಜಗಳಾಡೂದು ಭಾಳ ಐತಿ.”

ಕುಬೇರಪ್ಪನನ್ನು ಯಾರೂ ಒಳಗೆ ಕರೆಯಲಿಲ್ಲ. ಅವನು ಹೊರಗೆ ಕಟ್ಟೆಯ ಮೇಲೆ ಗಂಟು ಇಟ್ಟುಕೊಂಡು ಕೂತ. ಸಂಜೆಯವರೆಗೂ ಒಳಗೆ ಇಬ್ಬರ ದನಿಯೂ ಏರುತ್ತಲೇ ಇತ್ತು, ನಡುನಡುವೆ ರೊಟ್ಟಿ ಬಡಿಯುವ ಸದ್ದು. ದನ ಹೊಡೆದುಕೊಂಡು ಹೊರಟಿದ್ದ ಪಕ್ಕದ ಮನೆಯ ಮುದುಕ ಬೀಗರ ಗುರುತು ಹಿಡಿದು ನಿಂತು, ಆಪರೇಶನ್ ಆದದ್ದು ನಿಮ್ಮ ಮನೆಯವರಿಗೇ ಅಲ್ಲವೇ, ಗಡ್ಡೆ ಎಷ್ಟಿತ್ತು ಎಂದು ಕೇಳಿದ.

ಕುಬೇರಪ್ಪ ಎರಡೂ ಕೈಗಳನ್ನು ಗಂಟಿನ ಕೆಳಗೆ ತೂರಿಸಿಕೊಂಡ.

“ನಾ ನೋಡೇ ಇಲ್ರಿ” ಎಂದ.