ಕೋಸಿನ ಸಸಿಗೆ ಕಾವಲಿದ್ದವರು

ಪೊರಕೆ ಹಿಡಿದು ಹಿಂದಿನ ಕೋಣೆಯನ್ನು ಮೂಲೆಯಿಂದ ಬಾಗಿಲವರೆಗೆ ಗುಡಿಸಿದೆ. ಮೊರಕ್ಕೆ ಒಂದಿಷ್ಟು ಮಣ್ಣು ಬಿಟ್ಟರೆ ಏನೂ ಬರಲಿಲ್ಲ. ಇನ್ನೊಮ್ಮೆ ಗುಡಿಸಿದೆ. ಆಗಲೂ ಅಷ್ಟೇ.

ನಮ್ಮದು ತರಕಾರಿ ಸಸಿ ಬೆಳೆಸಿ ಕೊಡುವ ನರ್ಸರಿ. ದೊಡ್ಡಮ್ಮ ಬೀಜ ಹಾಕುತ್ತಾರೆ, ಅಪ್ಪ ನೀರುಣಿಸುತ್ತಾರೆ. ಶಾಲೆ ಬಿಟ್ಟ ಮೇಲೆ ಟ್ರೇ ತೊಳೆಯುವುದು, ಮಣ್ಣು ಜರಡಿ ಹಿಡಿಯುವುದು, ಗುಡಿಸುವುದು ನನ್ನ ಪಾಲಿಗೆ ಬಂದಿದೆ. ಖಾಲಿ ಟ್ರೇ, ಗೊಬ್ಬರದ ಚೀಲ ಇಡುವ ಹಿಂದಿನ ಕೋಣೆಯ ತೊಲೆಯಲ್ಲಿ ಬಾವಲಿಗಳು ನೇತಾಡುತ್ತಿದ್ದವು. ಎಣಿಸಿದ್ದೆ, ಇಪ್ಪತ್ತಮೂರು. ದಿನಾ ಬೆಳಿಗ್ಗೆ ಅವುಗಳ ಕೆಳಗೆ ಕಪ್ಪು ಹಿಕ್ಕೆ ಇರುತ್ತಿತ್ತು. ಅದರ ಜೊತೆ ಪತಂಗಗಳ ರೆಕ್ಕೆಗಳೂ ಬಿದ್ದಿರುತ್ತಿದ್ದವು. ಕಂದು, ಬೂದು, ಒಂದೊಂದರಲ್ಲಿ ಕಣ್ಣಿನ ಹಾಗೆ ಚುಕ್ಕೆ. ಚೆನ್ನಾಗಿದ್ದವನ್ನು ಕಡ್ಡಿಯಿಂದ ಎತ್ತಿ ನನ್ನ ಹಳೆಯ ಭೂಗೋಳದ ನೋಟ್‌ಬುಕ್ಕಿನಲ್ಲಿ ಇಡುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ.

ಹೀಗೆ ಬರೀ ಮಣ್ಣು ಗುಡಿಸಿದ ದಿನಕ್ಕೆ ಹತ್ತು ದಿನ ಮೊದಲು, ಚೀಲ ತರಲು ಹೋದ ದೊಡ್ಡಮ್ಮನ ತಲೆಯ ಮೇಲೆ ಹಿಕ್ಕೆ ಬಿತ್ತು. ಅವತ್ತೇ ತಲೆಸ್ನಾನವೂ ಆಗಿತ್ತು.

"ಇಷ್ಟು ದಿನ ಸುಮ್ಮನಿದ್ದೆ," ಎಂದರು. "ಇನ್ನು ನಾನಿರಬೇಕು ಇಲ್ಲಾ ಅವಿರಬೇಕು."

"ಅವು ಮೊದಲು ಬಂದಿದ್ದು, ಅತ್ತಿಗೆ," ಎಂದರು ಅಪ್ಪ.

ಬಾವಲಿಗೆ ಬೆಳಕು ಆಗದು ಎಂದು ಯಾರೋ ಹೇಳಿದ್ದರು. ದೊಡ್ಡಮ್ಮ ತೊಲೆಗೇ ಒಂದು ದೊಡ್ಡ ಬಲ್ಬು ಕಟ್ಟಿಸಿದರು. ಸಂಜೆಯಿಂದ ಬೆಳಗಿನವರೆಗೆ ಅದು ಉರಿಯಿತು. ಮೂರನೇ ದಿನಕ್ಕೆ ತೊಲೆ ಖಾಲಿ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತೇನೋ. ಕೋಣೆಯ ಕಿಟಕಿಯಿಂದ ಹೊರಗೆ ಬೀಳುವ ಬೆಳಕನ್ನು ಕಂಡು ದೊಡ್ಡಮ್ಮನಿಗೆ ಇನ್ನೊಂದು ಯೋಚನೆ ಹೊಳೆಯಿತು.

"ಸಸಿಗೆ ಬೆಳಕಂದ್ರೆ ಊಟ. ಇದು ಯಾಕೆ ದಂಡವಾಗಿ ಹೋಗ್ಬೇಕು? ಹಗಲು ಉಂಡಿದ್ದು ಸಾಲದು ಅಂತ ಸಂಜೆ ಮೇಲೂ ಉಣ್ಣಲಿ."

ಕೋಸಿನ ಸಸಿಯ ಮೂವತ್ತು ಟ್ರೇಗಳನ್ನು ಅಪ್ಪ, ನಾನು ಹೊತ್ತು ತಂದು ಕಿಟಕಿಯ ಕೆಳಗೆ ಸಾಲಾಗಿ ಇಟ್ಟೆವು. ಅವು ಕೆರೆಯಾಚೆಯ ರೈತಮ್ಮನಿಗೆ ಮಾತು ಕೊಟ್ಟಿದ್ದ ಸಸಿಗಳು. ಅವರು ಸ್ವಂತವಾಗಿ ಬೇಸಾಯಕ್ಕೆ ಇಳಿದಿದ್ದು ಇದೇ ಮೊದಲು. ಹೊಲ ಹದ ಮಾಡಿ, ಸಾಲು ತೆಗೆದು ಕಾಯುತ್ತಿದ್ದರು. ಈ ಸಸಿ ತಪ್ಪಿದರೆ ಅವರಿಗೆ ಈ ಹಂಗಾಮೇ ತಪ್ಪಿದಂತೆ.

ವಾರ ಕಳೆಯುವುದರಲ್ಲಿ ಎಲೆಗಳು ಜರಡಿಯಾಗಿದ್ದವು.

"ಇದು ಆ ಬಾವಲಿಗಳದ್ದೇ ಕೆಲಸ," ಎಂದರು ದೊಡ್ಡಮ್ಮ. "ಓಡಿಸಿದ್ದಕ್ಕೆ ಸೇಡು."

"ಊರು ಬಿಟ್ಟವರ ಮೇಲೆ ಕಳ್ಳತನ ಹೊರಿಸಬೇಡಿ," ಎಂದು ಅಪ್ಪ ಎಲೆ ತಿರುಗಿಸಿದರು. ಹಿಂಬದಿಯಲ್ಲಿ ಹಸಿರು ಹುಳ ಹಾಯಾಗಿ ಮಲಗಿತ್ತು.

ಮಕ್ಕಳಿಗೆ ಲಸಿಕೆ ಹಾಕಲು ನಮ್ಮ ಬೀದಿಗೆ ಬರುವ ನರ್ಸಕ್ಕನನ್ನು ದೊಡ್ಡಮ್ಮ ಆ ಸಂಜೆ ಕೈಹಿಡಿದು ಕರೆತಂದರು.

"ಬಾವಲಿ ಕಾಯಿಲೆ ತರುತ್ತೆ ಅಂತ ಒಂದು ಚೀಟಿ ಬರ್ಕೊಡಮ್ಮ. ಗಾರೆಯವನಿಗೆ ತೋರಿಸಿ ಅವು ಮತ್ತೆ ಬರದ ಹಾಗೆ ಕಿಂಡೀನೇ ಮುಚ್ಚಿಸ್ತೀನಿ. ಇಲ್ಲಾಂದ್ರೆ ಇವಳ ಅಪ್ಪ ಒಪ್ಪಲ್ಲ."

"ಮಾತ್ರೆಗೆ ಚೀಟಿ ಬರೀತೀನಿ ದೊಡ್ಡಮ್ಮ, ಬಾವಲಿಗೆ ಬರೆಯೋ ಅಧಿಕಾರ ನನಗಿಲ್ಲ. ಯಾರಿಗಾದ್ರೂ ಕಚ್ಚಿದ್ಯಾ?"

"ಇಲ್ಲ."

"ಯಾರಾದ್ರೂ ಕೈಯಲ್ಲಿ ಹಿಡಿದ್ರಾ?"

"ಥೂ. ಅದನ್ನ ಯಾರು ಹಿಡೀತಾರೆ?"

"ಹಾಗಾದ್ರೆ ಒಳ್ಳೇದು. ಬರಿಗೈಯಲ್ಲಿ ಯಾವತ್ತೂ ಮುಟ್ಟಬೇಡಿ. ಕೆಳಗೆ ಬಿದ್ದಿದ್ರೂ ಮುಟ್ಟಬೇಡಿ. ಕಚ್ಚಿದ್ರೆ, ಪರಚಿದ್ರೆ, ಕಾಲು ಗಂಟೆ ಸೋಪು ನೀರಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಬನ್ನಿ. ಈ ಕೋಣೆ ಗುಡಿಸೋರು ಯಾರು?"

ಎಲ್ಲರೂ ನನ್ನನ್ನು ನೋಡಿದರು. ನನಗೆ ನೆಲ ನೋಡುವುದೇ ಅಭ್ಯಾಸ.

"ಅವಳನ್ನೇನು ಕೇಳ್ತೀಯಾ," ಎಂದರು ದೊಡ್ಡಮ್ಮ. "ಅವಳ ಬಾಯಲ್ಲಿ ಮಾತು ಹೊರಡೋದೂ ಒಂದೇ, ಕಲ್ಲಲ್ಲಿ ನೀರು ಹೊರಡೋದೂ ಒಂದೇ."

ಮೂವತ್ತು ಟ್ರೇ ಕಣ್ಣೆದುರಿಗಿತ್ತು. ಒಳಗೆ ಹೋಗಿ ನೋಟ್‌ಬುಕ್ ತಂದು ನರ್ಸಕ್ಕನ ಕೈಗಿಟ್ಟೆ. ಅವರು ಹಾಳೆ ತಿರುಗಿಸಿದರು. ನದಿಗಳ ಪಟ್ಟಿಯ ಮೇಲೆ ರೆಕ್ಕೆಗಳು, ಬೆಟ್ಟಗಳ ಪಟ್ಟಿಯ ಮೇಲೆ ರೆಕ್ಕೆಗಳು.

"ಇದೆಲ್ಲ ಬಾವಲಿ ಕೆಳಗೆ ಸಿಕ್ಕಿದ್ದು," ಎಂದೆ. "ಮೈ ತಿಂದು ರೆಕ್ಕೆ ಉದುರಿಸ್ತಾವೆ. ದಿನಾ ಒಂದು ಹಿಡಿ ಸಿಗ್ತಿತ್ತು. ಬಲ್ಬು ಹಾಕಿದ ಮೇಲೆ ಒಂದೂ ಇಲ್ಲ." ಉಸಿರು ತೆಗೆದುಕೊಂಡೆ. "ಆ ಪತಂಗಗಳೆಲ್ಲ ಈಗ ಕಿಟಕಿ ಹತ್ರ ಇವೆ. ಬನ್ನಿ, ತೋರಿಸ್ತೀನಿ."

ಆಗಲೇ ಮಬ್ಬು ಕವಿದಿತ್ತು. ಬಲ್ಬು ಹತ್ತಿತು. ನೋಡುನೋಡುತ್ತಿದ್ದಂತೆ ಪತಂಗಗಳು ಎಲ್ಲೆಲ್ಲಿಂದಲೋ ಬಂದು ಗಾಜಿಗೆ ಮುತ್ತಿದವು. ಒಂದು ಕೆಳಗಿಳಿದು ಕೋಸಿನ ಎಲೆಯ ಅಡಿಗೆ ಹೊಟ್ಟೆ ತಾಗಿಸಿ ಕೂತಿತು. ಅದು ಹೋದ ಮೇಲೆ ಎಲೆ ತಿರುಗಿಸಿದೆ. ಸಾಸಿವೆಗಿಂತ ಸಣ್ಣ ಮೊಟ್ಟೆಗಳು.

"ಇವಳಿಗೆ ಬಾಯಿ ಇದ್ಯಲ್ಲ," ಎಂದರು ದೊಡ್ಡಮ್ಮ.

ನರ್ಸಕ್ಕ ನಕ್ಕರು. "ಕಾವಲುಗಾರರನ್ನ ಓಡಿಸಿ, ಕಳ್ಳರಿಗೆ ದೀಪ ಹಿಡಿದು, ಊಟಕ್ಕೆ ಎಲೇನೂ ಹಾಕಿದ್ದೀರಿ ದೊಡ್ಡಮ್ಮ. ಒಂದು ಪತಂಗ ನೂರಾರು ಮೊಟ್ಟೆ ಇಡುತ್ತೆ. ಬಾವಲಿ ಒಂದು ಪತಂಗ ತಿಂದ್ರೆ ಅಷ್ಟು ಹುಳ ಹುಟ್ಟೋದೇ ಇಲ್ಲ. ಪೂರ್ತಿ ಹುಳ ಹೋಗುತ್ತೆ ಅಂತ ನಾನು ಹೇಳಲ್ಲ. ಕಡಿಮೆಯಂತೂ ಆಗುತ್ತೆ. ಅಷ್ಟು ಔಷಧಿ ಹೊಡೆಯೋದು ತಪ್ಪುತ್ತೆ. ಮರಗಳಲ್ಲಿ ನೇತಾಡೋ ದೊಡ್ಡವು ಇನ್ನೊಂದು ಥರ. ಹೂವಿಂದ ಹೂವಿಗೆ ಪರಾಗ ಒಯ್ತಾವೆ, ಹಣ್ಣು ತಿಂದು ಬೀಜ ಎಲ್ಲೆಲ್ಲೋ ಬಿತ್ತಿ ಬರ್ತಾವೆ. ಅವೂ ನಿಮ್ಮ ಥರ ನರ್ಸರಿಯವರೇ. ಅವು ಕಚ್ಚಿ ಬಿಟ್ಟ ಹಣ್ಣು ಮಾತ್ರ ನಾವು ತಿನ್ನಬಾರದು."

"ಮತ್ತೆ ನನ್ನ ತಲೆ ಮೇಲಿನ ಹಿಕ್ಕೆ?"

"ಅವುಗಳ ಕೆಳಗೆ ಏನೂ ಇಡಬೇಡಿ, ಆ ಜಾಗ ಬಿಟ್ಟು ಓಡಾಡಿ. ಒಣ ಹಿಕ್ಕೆ ಗುಡಿಸಿದ್ರೆ ಧೂಳು ಎದೆಗೆ ಹೋಗುತ್ತೆ. ಮೂಗು ಬಾಯಿಗೆ ಮಾಸ್ಕ್ ಹಾಕಿ, ನೀರು ಚಿಮುಕಿಸಿ, ಒದ್ದೆ ಮಾಡಿ ತೆಗೀಬೇಕು." ಇದನ್ನು ಅವರು ನನಗೆ ಹೇಳಿದರು. ನಾನು ಇಷ್ಟು ದಿನ ಬರಿ ಮುಖದಲ್ಲಿ ಗುಡಿಸಿ ಕೆಮ್ಮುತ್ತಿದ್ದೆ.

"ಓಡಿಸಿದ ಮೇಲೆ ಮರಳಿ ಬರ್ತಾವಾ?" ಎಂದು ಅಪ್ಪ ಕೇಳಿದರು.

"ಕರೆದು ನೋಡಿ. ಕರೆಯೋದು ಅಂದ್ರೆ ಬಲ್ಬು ಆರಿಸೋದು, ಅಷ್ಟೇ."

ದೊಡ್ಡಮ್ಮ ಒಪ್ಪಿದರು ಎಂದುಕೊಳ್ಳಬೇಡಿ. "ಒಂದು ವಾರ ನೋಡ್ತೀನಿ. ಆಮೇಲೂ ಹುಳ ಕಂಡ್ರೆ ಗಾರೆಯವನೇ ಗತಿ," ಎಂದು ಸ್ವಿಚ್ಚು ಒತ್ತಿದರು.

ಆ ವಾರ ಮೂವರೂ ಟ್ರೇಗಳ ಮುಂದೆ ಕುಕ್ಕರಗಾಲಲ್ಲಿ ಕೂತೆವು. ಒಂದೊಂದೇ ಎಲೆ ತಿರುಗಿಸಿ ಹುಳ ಆರಿಸಿದೆವು, ಮೊಟ್ಟೆ ಒರೆಸಿದೆವು. ದೊಡ್ಡಮ್ಮ ಪ್ರತಿ ಹುಳಕ್ಕೂ ಒಂದೊಂದು ಬೈಗುಳ ಹುಡುಕುತ್ತಿದ್ದರು. ಎರಡನೇ ದಿನ ಬೈಗುಳ ಮುಗಿದವು, ಹುಳ ಮುಗಿದಿರಲಿಲ್ಲ. ನಾಲ್ಕನೇ ದಿನದ ಹೊತ್ತಿಗೆ ಹೊಸ ಮೊಟ್ಟೆ ಅಪರೂಪವಾಯಿತು. ಆರನೇ ದಿನ ಬೆಳಿಗ್ಗೆ ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸಿ ಕೋಣೆ ಗುಡಿಸುವಾಗ ಪೊರಕೆಯ ತುದಿಗೆ ಏನೋ ಅಂಟಿಕೊಂಡು ಬಂತು. ಒಂದು ಕಂದು ರೆಕ್ಕೆ. ತಲೆಯೆತ್ತಿದೆ. ತೊಲೆಯಲ್ಲಿ ನಾಲ್ಕು ನೇತಾಡುತ್ತಿದ್ದವು.

ಓಡಿ ಹೋಗಿ ಹೇಳಿದೆ. ನಾನು ಓಡಿದ್ದನ್ನು ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ನೋಡಿರಲಿಲ್ಲ.

"ಬಾವಲಿ ಮನೆಗೆ ನೆಂಟರು ಬಂದ್ರೆ ನೀನೂ ನೇತಾಡು ನಾನೂ ನೇತಾಡ್ತೀನಿ ಅಂದಿತಂತೆ," ಎಂದರು ಅಪ್ಪ. "ನಾಲ್ಕು ಬಂದಿವೆ ಅಂದ್ರೆ ಉಳಿದವನ್ನೂ ಕರೀತಾವೆ ಬಿಡು."

ಮಾತು ಕೊಟ್ಟ ದಿನ ರೈತಮ್ಮ ಗಾಡಿ ತಂದರು. ಕಿಟಕಿಯ ಕೆಳಗಿನ ಮೂವತ್ತರಲ್ಲಿ ಇಪ್ಪತ್ತಾರು ಟ್ರೇ ಉಳಿದಿದ್ದವು. ನಮ್ಮ ಹೊಲಕ್ಕೆಂದು ಬೇರೆ ಇಟ್ಟುಕೊಂಡಿದ್ದ ನಾಲ್ಕನ್ನು ದೊಡ್ಡಮ್ಮನೇ ಎತ್ತಿ ಗಾಡಿಗಿಟ್ಟರು. "ತಪ್ಪು ನಂದು, ನಿಮ್ಮ ಸಾಲು ಯಾಕೆ ಖಾಲಿ ಇರ್ಬೇಕು," ಎಂದರು. ಗಾಡಿ ಹೊರಡುವಾಗ ಇನ್ನೊಂದು ಮಾತು ಸೇರಿಸಿದರು. "ಹೊಲದ ಶೆಡ್ಡಿಗೆ ಬಾವಲಿ ಬಂದ್ರೆ ಬಲ್ಬು ಹಾಕ್ಬೇಡಮ್ಮ. ನಮ್ಮ ಹುಡುಗಿ ಓದಿ ತಿಳ್ಕೊಂಡಿದ್ದಾಳೆ."

ನಾನು ಓದಿ ತಿಳಿದುಕೊಂಡಿದ್ದಲ್ಲ, ಗುಡಿಸಿ ತಿಳಿದುಕೊಂಡಿದ್ದು. ಅದಕ್ಕೇ ನಮ್ಮೂರಿನ ಮಹಿಳಾ ಸಂಘದ ಅಕ್ಕಂದಿರಿಗೆ ಇದನ್ನು ಬರೆದು ಕೊಡುತ್ತಿದ್ದೇನೆ. ನಿಮ್ಮ ಕೊಟ್ಟಿಗೆ, ಉಗ್ರಾಣ, ಹಳೆಯ ಕೋಣೆಯಲ್ಲಿ ಬಾವಲಿ ಇದ್ದರೆ ಹೊಗೆ ಹಾಕಬೇಡಿ, ಕಿಂಡಿ ಮುಚ್ಚಬೇಡಿ. ಒಳಗೆ ಮರಿಗಳಿರಬಹುದು. ಮುಟ್ಟದೆ, ಕೆಣಕದೆ ಅವುಗಳ ಜಾಗ ಅವಕ್ಕೆ ಬಿಡಿ. ಬೇಡದ ದೀಪ ಆರಿಸಿ. ಅನುಮಾನವಿದ್ದರೆ ಒಂದು ಬೆಳಿಗ್ಗೆ ಅವುಗಳ ಕೆಳಗಿನ ನೆಲ ನೋಡಿ. ನಿಮ್ಮ ಬೆಳೆ ತಿನ್ನಬೇಕಿದ್ದವುಗಳ ರೆಕ್ಕೆ ಅಲ್ಲಿ ಬಿದ್ದಿರಬಹುದು.

ನಿನ್ನೆ ಸಂಜೆ ಎಣಿಸಿದೆ, ಹತ್ತೊಂಬತ್ತು. ತಲೆಗೆ ಟವೆಲ್ ಸುತ್ತಿಕೊಂಡು ದೊಡ್ಡಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ನಾನು ಹಿಂದೆ ಇದ್ದದ್ದು ಅವರಿಗೆ ಗೊತ್ತಿರಲಿಲ್ಲ. ಕತ್ತೆತ್ತಿ, ಪಕ್ಕದ ಮನೆಯವರ ಹತ್ತಿರ ಮೊಸರಿಗೆ ಹೆಪ್ಪು ಕೇಳುವ ದನಿಯಲ್ಲಿ ಹೇಳಿದರು:

"ಹೊರಡೋವಾಗ ನಮ್ಮ ಟೊಮೇಟೊ ಕಡೆಗೂ ಒಂದು ಸುತ್ತು ಹೋಗಿ ಬನ್ನಿ."