ಕುರಿತೊಗಲಿನ ತುಂಡು

ತನ್ನ ನಾಯಿ ಕಾರ್ಲೋನ ಆಟದ ಹಗ್ಗದ ತುದಿಗೆ ಮೈನಿರ್ ಕುರಿತೊಗಲಿನ ತುಂಡನ್ನೇ ಹೊಲಿದಿದ್ದಳು. ವೇಲ್ಸಿನ ಆ ಗುಡ್ಡದಲ್ಲಿ ಬಿಟ್ಟಿ ಸಿಗುವುದು ಅದೊಂದೇ. ಬೆಲ್ಟಿಲ್ಲದೆ ಬಿಟ್ಟ ನಾಯಿ ಕರೆದ ಕೂಡಲೇ ಬಂದರೆ ಆ ಉಣ್ಣೆಯ ತುಪ್ಪಟ ಅದರ ಬಾಯಿಗೆ, ಹಗ್ಗ ಅವಳ ಕೈಗೆ. ಇಬ್ಬರೂ ಮನಸಾರೆ ಜಗ್ಗಾಡುವುದೇ ಬಹುಮಾನ. ಚಳಿಗಾಲವೆಲ್ಲ ಹಾಗೇ ಕಳೆದಿತ್ತು.

ನೆರೆಯ ಇದ್ವಾಲ್ ಬೇಲಿಯಾಚೆಯಿಂದ ನೋಡಿ ಉರಿದುಬಿದ್ದಿದ್ದ. "ಕುರಿ ಸೀಮೇಲಿ ನಾಯಿಗೆ ಉಣ್ಣೆ ಕಚ್ಚೋದು ಕಲಿಸ್ತೀಯಲ್ಲೇ, ಪುಣ್ಯಾತ್ಗಿತ್ತಿ! ನನ್ನ ಮಂದೆ ಹತ್ರ ಬಂದ್ರೆ ಕೋವೀನೇ ಮಾತಾಡೋದು."

ಕುರಿಗಳು ಮರಿ ಹಾಕುವ ಕಾಲ ಬಂತು. ಒಂದು ಬೆಳಗ್ಗೆ ಗಾಳಿಗೆ ಗೇಟಿನ ಚಿಲಕ ಕಳಚಿ, ಕಾರ್ಲೋ ಇದ್ವಾಲನ ಹೊಲಕ್ಕೆ ನುಗ್ಗಿತು. ಮಂದೆಯೆಲ್ಲ ಹೊಲದಂಚಿನ ಗೋಡೆಯತ್ತ ಚದುರಿತು. ಒಂದು ತಾಯಿಕುರಿ ಮಾತ್ರ ಮೈ ಆರದ ಮರಿಯನ್ನು ಬಿಟ್ಟು ಕದಲದೆ ಕಾಲು ಬಡಿಯಿತು. ನಾಯಿ ಅದರೆದುರು ತಲೆ ತಗ್ಗಿಸಿ ನಿಂತಿತು.

ಮೇಲಿನ ದಿಬ್ಬದಲ್ಲಿ ಇದ್ವಾಲ್ ಕೋವಿ ಎತ್ತಿದ್ದ. "ಕುರಿ ಅಡ್ಡ ಇದೆ ಅಂತ ಬಿಟ್ಟಿದೀನಿ! ಅದು ಸರಿದ್ರೆ ಮುಗೀತು!"

ಆಟದ ಹಗ್ಗ ಹಿಡಿದು ಗೇಟಿಗೆ ಓಡಿಬಂದ ಮೈನಿರಳ ಕಾಲು, ಬೈಯುತ್ತ ಅಟ್ಟಿಸಿಕೊಂಡು ಹೋಗಲು ತವಕಿಸಿತು. ಹೋದರೆ ನಾಯಿಯೂ ಓಡುತ್ತದೆ, ಕುರಿಯ ಮೇಲೇ. ಅವಳು ಬೆನ್ನು ತಿರುಗಿಸಿದಳು. "ಕಾರ್ಲೋ! ಬಾರೋ ಕಳ್ಳಾ!" ಎಂದು ಆಟಕ್ಕೆ ಕರೆಯುವಂತೆ ನಗುತ್ತ, ತುಪ್ಪಟವನ್ನು ಹುಲ್ಲಿನ ಮೇಲೆ ಎಳೆಯುತ್ತ, ತನ್ನ ಹೊಲದೊಳಕ್ಕೆ ಓಡಿದಳು. ಹಿಂದೆ ಏನಾಗುತ್ತಿದೆಯೋ ಕಾಣದು. ಕಿವಿ ಗುಂಡಿನ ಸದ್ದಿಗೇ ಕಾದಿತ್ತು.

ಹಗ್ಗ ಹಿಡಿದ ಕೈ ಜಗ್ಗಿತು. ಕಾರ್ಲೋ ತುಪ್ಪಟ ಕಚ್ಚಿ ಗುರುಗುಟ್ಟುತ್ತಿತ್ತು.

ಇದ್ವಾಲ್ ಏದುಸಿರು ಬಿಡುತ್ತ ಗೇಟಿನ ಬಳಿಗೆ ಬಂದ. ಕೋವಿ ಇಳಿಸಿರಲಿಲ್ಲ. "ಬೆಲ್ಟ್ ಹಾಕು ಮೊದ್ಲು!"

"ಈಗ ಕಟ್ಟಿದ್ರೆ, ಬಂದಿದ್ದೇ ತಪ್ಪು ಅನ್ಕೊಳ್ಳತ್ತೆ. ಇನ್ನೊಂದ್ ಸಲ ಬರಲ್ಲ."

"ಇನ್ನೊಂದ್ ಸಲ ಬೇರೆ ಇದೆಯಾ?"

ಗೇಟು ಹಾರುಹೊಡೆದಿತ್ತು. ಅದರಾಚೆ ಮರಿ ಅರಚುತ್ತಿತ್ತು. ಮೈನಿರ್ ಇನ್ನೆರಡು ಸಲ ಜಗ್ಗಿ, ದಿನವೂ ಮಾಡುವಂತೆ, ಹಗ್ಗವನ್ನು ಕೈಬಿಟ್ಟಳು. ಗೆದ್ದ ನಾಯಿಗೆ ಅದು ಸಲ್ಲಬೇಕು.

ಕಾರ್ಲೋ ತುಪ್ಪಟ ಕಚ್ಚಿಕೊಂಡು ಗೇಟಿನತ್ತಲೇ ಹಾರಿತು. ಇದ್ವಾಲನ ಬೆರಳು ಬಿಗಿಯಿತು. ನಾಯಿ ಅವನ ಮುಂದೆಯೇ ಗಕ್ಕನೆ ಹೊರಳಿ, ದೊಡ್ಡದೊಂದು ಸುತ್ತು ಹಾಕಿ, ತುಪ್ಪಟವನ್ನು ತಂದು ಅವಳ ಮೊಣಕಾಲಿಗೆ ಒತ್ತಿತು. ಇನ್ನೂ ಆಡೋಣ ಎನ್ನುವಂತೆ ಬಾಲ ಬಡಿಯುತ್ತಿತ್ತು.

ಮೈನಿರ್ ಅಲ್ಲೇ ಕುಳಿತು, ಹಗ್ಗವನ್ನು ಮತ್ತೆ ಹಿಡಿದು ಜಗ್ಗಿದಳು.

ಇದ್ವಾಲ್ ಗೇಟು ಎಳೆದು, ಜೇಬಿನಿಂದ ಹುರಿ ತೆಗೆದು ಬಿಗಿಯಾಗಿ ಕಟ್ಟಿದ. ಆಮೇಲೆ ಕೋವಿಯಿಂದ ತೋಟಾ ತೆಗೆದ. "ಚಿಲಕ ಇವತ್ತೇ ಸರಿ ಮಾಡಿಸು. ಮುಂದಿನ ಸಲ ನಾನು ಕಾಯಲ್ಲ." ನಾಲ್ಕು ಹೆಜ್ಜೆ ಹೋಗಿ ತಿರುಗಿದ. "ಆ ತುಂಡು ಹರಿದುಹೋಗಿದೆ. ನಮ್ಮ ಕೊಟ್ಟಿಗೇಲಿ ಒಳ್ಳೇದಿದೆ, ಬಂದು ಒಯ್ಯಿ."