ಹಾಡದೆ ಉಳಿದ ಐದು ಪದ್ಯ

ತುಮಕೂರಿನ ಉಪ್ಪಾರಹಳ್ಳಿಯ ರಾಮಮಂದಿರದಲ್ಲಿ ಮೇ ತಿಂಗಳೆಂದರೆ ಗಮಕದ ತಿಂಗಳು. ಸಂಜೆ ಆರಕ್ಕೆ ಕೌಸಲ್ಯಮ್ಮ ಹಳೆಯ ಷಟ್ಪದಿ ಕಾವ್ಯವನ್ನು ರಾಗವಾಗಿ ಓದುವುದು, ಒಂದೊಂದು ಪದ್ಯ ಮುಗಿದಾಗಲೂ ಪಟ್ಟಾಭಿರಾಮ ಮೇಷ್ಟ್ರು ಅದರ ಅರ್ಥ ಬಿಡಿಸಿ ಹೇಳುವುದು, ಏಳೂವರೆಗೆ ಮಂಗಳ ಹಾಡಿ ಪುಸ್ತಕವನ್ನು ಕೆಂಪು ವಸ್ತ್ರದಲ್ಲಿ ಸುತ್ತಿಡುವುದು. ಇಪ್ಪತ್ತೆರಡು ವರ್ಷ ಹೀಗೇ ನಡೆದುಬಂದಿತ್ತು. ಈ ವರ್ಷ ಎಲ್ಲಿ ನಿಲ್ಲಿಸಿದರೋ ಮುಂದಿನ ವರ್ಷ ಅಲ್ಲಿಂದಲೇ ಶುರು. ನಡುವೆ ಹಾರಿಸುವಂತಿಲ್ಲ. ಒಮ್ಮೆ ಮಂಗಳ ಹಾಡಿದರೆ ಅವತ್ತು ಮತ್ತೆ ಪುಸ್ತಕ ಬಿಚ್ಚುವಂತಿಲ್ಲ. ಗುಬ್ಬಿಯಲ್ಲಿ ಕೌಸಲ್ಯಮ್ಮನವರ ತಂದೆ ಹಾಕಿಕೊಟ್ಟ ಕಟ್ಟಳೆ ಇದು.

ಈ ಸಲ ಮೊದಲ ದಿನವೇ ಗುಬ್ಬಿಯ ಬಸ್ಸಿಳಿದು ಬಂದ ಕೌಸಲ್ಯಮ್ಮ ಪಾನಕದ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಮೆಲ್ಲಗೆ ಹೇಳಿದರು:

“ಮೇಷ್ಟ್ರೇ, ಗಂಟಲಲ್ಲಿ ಗಂಟಿದೆಯಂತೆ. ಜೂನ್‌ನಲ್ಲಿ ಆಪರೇಷನ್. ಮಾತೇನೋ ಬರುತ್ತೆ, ಆದ್ರೆ ಹಾಡು ಬರುತ್ತೆ ಅಂತ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು.”

“ಏನೂ ಆಗಲ್ಲ ಬಿಡಿ ಅಮ್ಮ.”

“ಆಗ್ಲಿ ಬಿಡ್ಲಿ. ಆ ಐದು ಪದ್ಯ ಮಾತ್ರ ಈ ತಿಂಗಳಲ್ಲಿ ಹೇಳಿಬಿಡ್ಬೇಕು.”

ಯಾವ ಐದು ಪದ್ಯ ಎಂದು ಮೇಷ್ಟ್ರು ಕೇಳಬೇಕಾಗಿರಲಿಲ್ಲ. ಹುಟ್ಟಿದ ಕೂಸನ್ನು ಹೊಳೆಯಲ್ಲಿ ತೇಲಿಬಿಟ್ಟ ತಾಯಿ, ಅವನು ಬೆಳೆದು ದೊಡ್ಡವನಾದ ಮೇಲೆ ಎದುರಿಗೆ ಬಂದು ನಿಲ್ಲುವ ಪ್ರಸಂಗ. ಆ ಐದಕ್ಕೆ ಕೌಸಲ್ಯಮ್ಮನ ತಂದೆ ತಾವೇ ಒಂದು ಧಾಟಿ ಕಟ್ಟಿದ್ದರು. ಅದನ್ನು ಮಗಳಿಗೆ ಹಿತ್ತಲಲ್ಲಿ ಕೂರಿಸಿಕೊಂಡು ಕಲಿಸಿ, ಕಥೆ ತಾನಾಗಿ ಅಲ್ಲಿಗೆ ಬರುವ ತನಕ ಯಾರ ಮುಂದೆಯೂ ಹಾಡಕೂಡದು ಎಂದು ಮಾತು ತೆಗೆದುಕೊಂಡಿದ್ದರು. ಮೇಷ್ಟ್ರು ಕೂಡ ಕೇಳಿದವರಲ್ಲ. ಈಗ ಕಥೆ ಅದರ ಹೊಸ್ತಿಲಿಗೆ ಬಂದಿತ್ತು.

ಮೇಷ್ಟ್ರು ಪುಟ ತಿರುವಿ, ಬೆರಳು ಮಡಿಸಿ, “ಇಪ್ಪತ್ತನೇ ತಾರೀಖಿಗೆ ಬಂದೇ ಬರುತ್ತೆ. ನಾನಿದೀನಲ್ಲ” ಎಂದರು.

ಆ ಮಾತು ಆಡಿದವರು ಅವರೇ.

ಕೇಳಲು ಬರುತ್ತಿದ್ದವರು ಹದಿನಾಲ್ಕು ಜನ. ಗಂಗಲಕ್ಷ್ಮಮ್ಮ ಗೋಡೆಗೆ ಒರಗಿ ಹೂಬತ್ತಿ ಹೊಸೆಯುತ್ತಾ ಕೇಳುವರು. ಮಂದಿರದ ಕಾರ್ಯದರ್ಶಿ ರಾಮಾಂಜಿನಯ್ಯ ಪೇಪರಿನ ಪದಬಂಧ ತುಂಬುತ್ತಾ ಕೇಳುವರು. ಕಾಲೇಜಿಗೆ ರಜೆಯೆಂದು ಅವರ ಮೊಮ್ಮಗಳು ಯಶಸ್ವಿನಿ ಈ ಸಲ ಹೊಸದಾಗಿ ಬಂದಿದ್ದಳು, ಅಜ್ಜನ ಬಲವಂತಕ್ಕೆ, ಮೊಬೈಲು ಹಿಡಿದುಕೊಂಡು.

ಮೂರನೆಯ ದಿನ, ವೀರನೊಬ್ಬ ಯುದ್ಧಕ್ಕೆ ಮುನ್ನ ಗುರುವಿಗೆ ತಲೆಬಾಗುವ ಪದ್ಯಕ್ಕೆ ಅರ್ಥ ಹೇಳುತ್ತಾ ಮೇಷ್ಟ್ರ ಬಾಯಿಂದ ಸುಮ್ಮನೆ ಒಂದು ಮಾತು ಜಾರಿತು. “ಈಗಿನ ಸಿನಿಮಾ ಹೀರೋನ ನೋಡಿ. ಹೊಸ್ತಿಲು ದಾಟಕ್ಕೆ ಐದು ನಿಮಿಷ ಸ್ಲೋ ಮೋಷನ್! ಅಷ್ಟೊತ್ತಿಗೆ ನಮ್ಮ ಪದ್ಯದಲ್ಲಿ ಅರ್ಧ ಸೈನ್ಯ ಮಲಗಿರುತ್ತೆ.”

ಹದಿನಾಲ್ಕು ಜನವೂ ನಕ್ಕರು. ರಾಮಾಂಜಿನಯ್ಯ ಪದಬಂಧದಿಂದ ತಲೆಯೆತ್ತಿದರು. ಯಶಸ್ವಿನಿ ಅದನ್ನು ರೀಲ್ ಮಾಡಿ ಹಾಕಿದಳು. ಮಾರನೆಯ ದಿನ ಓಡಿಬಂದು, “ಮೇಷ್ಟ್ರೇ, ನಲವತ್ತು ಸಾವಿರ ಜನ ನೋಡಿದಾರೆ! ಇವತ್ತೂ ಏನಾದ್ರೂ ಹೇಳಿ ಪ್ಲೀಸ್” ಎಂದಳು.

ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿದ ಮನುಷ್ಯ. ಹಿಂದಿನ ಬೆಂಚಿನವರನ್ನು ನಗಿಸಿದ್ದು ನೆನಪಿರಲಿಲ್ಲ. ಈಗ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಗುರುತಿಲ್ಲದವರು, “ನೀವು ಆ ಸ್ಲೋ ಮೋಷನ್ ಮೇಷ್ಟ್ರಲ್ವಾ ಸಾರ್?” ಎಂದು ಕೈಕುಲುಕಿದರು. ಯಾರಿಗೆ ತಾನೇ ಬೇಡ?

ಹತ್ತನೆಯ ದಿನಕ್ಕೆ ಪ್ಲಾಸ್ಟಿಕ್ ಕುರ್ಚಿ ತರಿಸಬೇಕಾಯಿತು. ಜನ ಪದ್ಯಕ್ಕಿಂತ ಪದ್ಯದ ನಡುವಿನ ಮಾತಿಗೆ ಕಾಯತೊಡಗಿದರು.

“ಸ್ವಾಮೇರಾ, ಇವತ್ತು ಆ ಸೀರಿಯಲ್ ಸೊಸೆಗೆ ಏನಾರ ಅನ್ನಿ” ಎಂದು ಗಂಗಲಕ್ಷ್ಮಮ್ಮನೇ ಒಂದು ದಿನ ಕೇಳಿದರು. “ಸತ್ತು ಸತ್ತು ಮೂರು ಸಲ ಬಂದವ್ಳೆ. ಬಂದಾಗೆಲ್ಲ ಬ್ಯಾರೆ ಮಖ!”

“ನೋಡಿ, ನಮ್ಮ ಕಾವ್ಯದ ಯಮ ಒಂದ್ಸಲ ಕರ್ಕೊಂಡೋದ್ರೆ ಮುಗೀತು. ಸೀರಿಯಲ್ ಯಮ ಹಾಗಲ್ಲ, ಸೈಜ್ ಸರಿಹೋಗಿಲ್ಲ ಅಂದ್ರೆ ವಾಪಸ್ ಕಳಿಸ್ತಾನೆ!”

ಮಂದಿರದ ಹೆಂಚು ಹಾರುವ ಹಾಗೆ ನಗು.

ಮೇಷ್ಟ್ರ ಬೆಳಗಿನ ಹೊತ್ತು ಈಗ ಟಿಪ್ಪಣಿ ನೋಡುವುದಕ್ಕಲ್ಲ, ಟೀವಿ ನೋಡುವುದಕ್ಕೆ ಮೀಸಲಾಯಿತು. ಯಾವ ಹಾಡಿನ ಶೋದಲ್ಲಿ ಯಾವ ಜಡ್ಜು ಕಣ್ಣೀರಿಟ್ಟರು, ಯಾವ ಪಿಕ್ಚರ್ ಎರಡನೇ ಭಾಗ ತೆಗೆದು ಕೆಟ್ಟಿತು, ಎಲ್ಲದಕ್ಕೂ ಅವರಲ್ಲೊಂದು ಅಭಿಪ್ರಾಯ ತಯಾರಿರುತ್ತಿತ್ತು. ದಿನಕ್ಕೆ ಹನ್ನೆರಡು ಪದ್ಯ ಸಾಗುತ್ತಿದ್ದದ್ದು ಆರಕ್ಕೆ ಇಳಿಯಿತು, ಆಮೇಲೆ ಮೂರಕ್ಕೆ. ಅವರು ಮಾತಾಡುವಾಗ ಕೌಸಲ್ಯಮ್ಮ ಶ್ರುತಿಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತಿರುವರು. ಆಗಾಗ ಜೀರಿಗೆಯ ಬಿಸಿನೀರು ಗುಟುಕರಿಸುವರು. ನಗುವ ಕಡೆ ತಾವೂ ನಗುವರು. ಇಪ್ಪತ್ತನೆಯ ತಾರೀಖು ಬಂದು ಹೋಯಿತು.

“ಇನ್ನೆಷ್ಟು ದೂರ ಮೇಷ್ಟ್ರೇ?” ಎಂದು ಒಮ್ಮೆ ಕೇಳಿದರು, ಬಸ್ಸಿನಲ್ಲಿ ಕಂಡಕ್ಟರನ್ನು ಕೇಳುವವರ ಹಾಗೆ.

“ಬಂತು ಅಮ್ಮ, ಬಂದೇಬಿಡ್ತು.”

ಬಂದದ್ದು ಮೂವತ್ತೊಂದಕ್ಕೆ, ಕಟ್ಟಕಡೆಯ ದಿನ. ಅದೇ ದಿನ ರಾತ್ರಿ ಏಳೂವರೆಗೆ ಬೆಂಗಳೂರು ತಂಡದ ಕ್ರಿಕೆಟ್ ಮ್ಯಾಚು. ಊರಿಗೆ ಊರೇ ಅದರ ಗುಂಗಿನಲ್ಲಿತ್ತು. ಗಮಕ ಮುಗಿದೊಡನೆ ಎಲ್ಲರೂ ಒಟ್ಟಿಗೆ ನೋಡಲೆಂದು ರಾಮಾಂಜಿನಯ್ಯ ಮಂದಿರದ ಅಂಗಳದಲ್ಲಿ ದೊಡ್ಡ ಪರದೆ ಕಟ್ಟಿಸಿದ್ದರು. ನೂರು ಜನ ಸೇರಿದ್ದರು.

ಅವತ್ತು ಬೇಗ ಬೇಗ ಸಾಗಬೇಕೆಂದು ಮೇಷ್ಟ್ರು ಮನೆಯಿಂದಲೇ ನಿಶ್ಚಯ ಮಾಡಿಕೊಂಡು ಬಂದಿದ್ದರು. ಆದರೆ ಮೊದಲ ಪದ್ಯಕ್ಕೇ ಹಿಂದಿನಿಂದ ಯಾರೋ, “ಸಾರ್, ಇವತ್ತು ಯಾರು ಗೆಲ್ತಾರೆ? ನಿಮ್ ಒಪೀನಿಯನ್ ಹೇಳಿ!” ಎಂದು ಕೂಗಿದರು. ಚಪ್ಪಾಳೆ ಬಿತ್ತು. ಹೇಳದೆ ಇರಲಾಗಲಿಲ್ಲ. ಹೇಳುತ್ತಾ ಹೋದಂತೆ ಒಂದಕ್ಕೊಂದು ಕೊಂಡಿ ಸಿಕ್ಕಿ ಮಾತು ಬೆಳೆಯಿತು.

ತಾಯಿ ಹೊಳೆಯ ದಡಕ್ಕೆ ಬಂದಳು ಎಂಬಲ್ಲಿಗೆ ಕೌಸಲ್ಯಮ್ಮ ಪದ್ಯ ಮುಗಿಸಿದಾಗ ಗಡಿಯಾರದಲ್ಲಿ ಏಳು ಗಂಟೆ ಹತ್ತು ನಿಮಿಷ. ಮುಂದಿನದೇ ಆ ಐದು. ಹದಿನೈದು ನಿಮಿಷ ಸಾಕಿತ್ತು. ಅವರು ಕತ್ತಿನ ಬಳಿಯ ಸೆರಗು ಸಡಿಲಿಸಿಕೊಂಡರು, ಶ್ರುತಿಯನ್ನು ಅರ್ಧ ಮನೆ ಇಳಿಸಿದರು, ಕಣ್ಣು ಮುಚ್ಚಿದರು.

ಅಷ್ಟರಲ್ಲಿ ಅಂಗಳದಿಂದ, “ಟಾಸ್ ಗೆದ್ವಂತೆ ಕಣ್ರೋ!” ಎಂಬ ಕೂಗು. ಕುರ್ಚಿಗಳು ಕಿರಕಿರಗುಟ್ಟಿದವು. ಒಂದಿಬ್ಬರು ಎದ್ದರು, ಆಮೇಲೆ ಒಂದು ಸಾಲು. ಮೇಷ್ಟ್ರು ಖಾಲಿಯಾದ ಸಾಲನ್ನು ನೋಡಿದರು. ಮೊದಲ ಪದ್ಯ ಮುಗಿಯುವುದರೊಳಗೆ ಕುರ್ಚಿಗಳೆಲ್ಲ ಖಾಲಿಯಾಗುತ್ತವೆ, ಮತ್ತೆ ಅದೇ ಹದಿನಾಲ್ಕು ಜನ. ಇಂಥ ಧಾಟಿಯನ್ನು ಎದ್ದುಹೋಗುವವರ ಬೆನ್ನಿಗೆ ಹಾಡಿಸಬಾರದು ಎಂದು ಮನಸ್ಸು ಥಟ್ಟನೆ ಒಂದು ನೆಪ ಹುಡುಕಿಕೊಟ್ಟಿತು. ಅವರು ಕೈಯೆತ್ತಿದರು.

“ಮಂಗಳ ಹೇಳಿಬಿಡಿ ಅಮ್ಮ. ಉಳಿದದ್ದು ಮುಂದಿನ ವರ್ಷ.”

ಕೌಸಲ್ಯಮ್ಮ ಕಣ್ಣು ಬಿಟ್ಟು ಅವರನ್ನು ನೋಡಿದರು. ಒಂದು ಗಳಿಗೆ, ಅಷ್ಟೆ. ಆಮೇಲೆ ಶ್ರುತಿಯನ್ನು ಮೊದಲಿನ ಮನೆಗೆ ಏರಿಸಿ ಮಂಗಳ ಹಾಡಿದರು. ಸ್ವರ ಎಲ್ಲೂ ಒಡೆಯಲಿಲ್ಲ. ಪುಸ್ತಕವನ್ನು ವಸ್ತ್ರದಲ್ಲಿ ಸುತ್ತಿ, ಗಂಟು ಹಾಕಿ, ಕಣ್ಣಿಗೊತ್ತಿಕೊಂಡು, ಮಂದಿರದಲ್ಲೇ ಇಟ್ಟು ಗುಬ್ಬಿಯ ಬಸ್ಸಿಗೆ ಹೊರಟರು.

ಖಾಲಿ ಕುರ್ಚಿಗಳ ನಡುವೆ ಗಂಗಲಕ್ಷ್ಮಮ್ಮ ಬತ್ತಿ ಹಿಡಿದು ಕೂತೇ ಇದ್ದರು. “ಇದೇನ್ ಸ್ವಾಮಿ, ಅವ್ಳು ಮಗನ್ನ ಮಾತಾಡುಸ್ಲೇ ಇಲ್ವಲ್ಲ?”

ಮೇಷ್ಟ್ರು ಚಪ್ಪಲಿ ಹುಡುಕತೊಡಗಿದರು.

ಆಪರೇಷನ್ ಆಯಿತು. ಜೀವಕ್ಕೇನೂ ಭಯವಿಲ್ಲವೆಂದು ಸುದ್ದಿ ಬಂತು. ಕೌಸಲ್ಯಮ್ಮ ಕುಣಿಗಲ್ಲಿನಲ್ಲಿ ತಂಗಿಯ ಮಗಳು ರಮ್ಯಶ್ರೀಯ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದರು. ಜುಲೈ ಮೊದಲ ವಾರ ಮೇಷ್ಟ್ರು ರಾಮಾಂಜಿನಯ್ಯನವರನ್ನು ಕೇಳಿ ಪುಸ್ತಕದ ಗಂಟನ್ನು ಪಡೆದು, ತೊಡೆಯ ಮೇಲಿಟ್ಟುಕೊಂಡು ಕುಣಿಗಲ್ ಬಸ್ಸು ಹತ್ತಿದರು. ಹೋಗಿ ಏನು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದರೂ ಒಂದು ವಾಕ್ಯ ಕೂಡಿಬರಲಿಲ್ಲ.

ರಮ್ಯಶ್ರೀ ಇಬ್ಬರಿಗೂ ಮಜ್ಜಿಗೆ ಕೊಟ್ಟು ಒಳಗೆ ಹೋದಳು. ಕೌಸಲ್ಯಮ್ಮನ ಕತ್ತಿಗೆ ತೆಳು ಬಟ್ಟೆ ಸುತ್ತಿತ್ತು. ಮಾತು ಬರುತ್ತಿತ್ತು, ಒಣಗಿದ ತೆಂಗಿನಗರಿ ನೆಲಕ್ಕೆ ಉಜ್ಜಿದ ಹಾಗೆ.

“ಅವತ್ತು ಮ್ಯಾಚು ಗೆದ್ರಾ ಮೇಷ್ಟ್ರೇ?”

“ನಾನು ನೋಡ್ಲಿಲ್ಲ ಅಮ್ಮ. ಮನೆಗೆ ಹೋಗಿ ಮಲಗಿಬಿಟ್ಟೆ.”

“ಅಯ್ಯೋ! ಅದನ್ನೂ ನೋಡ್ಲಿಲ್ವಾ?”

ಅವರು ತಮಾಷೆಗೇ ಅಂದದ್ದು. ಮೇಷ್ಟ್ರು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟರು.

“ಅಲ್ಲಿಗೇ ಯಾಕೆ ನಿಲ್ಸಿದ್ರಿ ಅಂತ ಎಲ್ರೂ ಕೇಳ್ತಿದ್ರು,” ಕೌಸಲ್ಯಮ್ಮ ಸೆರಗಿನ ಅಂಚು ಸರಿಮಾಡಿಕೊಂಡರು. “ಮೇಷ್ಟ್ರಿಗೆ ಗದ್ದಲದಲ್ಲಿ ಮರೆತುಹೋಯ್ತು ಅಂದಿದೀನಿ.”

“ಮರೆತಿರ್ಲಿಲ್ಲ ಅಮ್ಮ.”

“ಗೊತ್ತು.”

ಬೀದಿಯಲ್ಲಿ ಸೊಪ್ಪು ಮಾರುವವಳು ಕೂಗಿಕೊಂಡು ಹೋದಳು. ಆಮೇಲೆ ಕೌಸಲ್ಯಮ್ಮ ಗಂಟಿನ ಕಡೆ ಕೈತೋರಿದರು. “ಬಿಚ್ಚಿ. ಇವತ್ತಿನ ಮಂಗಳ ಇನ್ನೂ ಆಗಿಲ್ಲವಲ್ಲ. ನೀವೇ ಓದಿ. ಅರ್ಥ ಮಾತ್ರ ಬೇಡ.”

ಮೇಷ್ಟ್ರು ಓದಿದರು. ಅವರ ಗಂಟಲಿಗೆ ರಾಗವೆಂಬುದು ಹುಟ್ಟಿದಾಗಿನಿಂದ ಗೊತ್ತಿಲ್ಲ. ಹಾಜರಿ ಕೂಗಿದ ಹಾಗೆ ಒಂದೇ ಸಮನೆ ಸಾಗಿತು. ಕೌಸಲ್ಯಮ್ಮ ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳಾಡಿಸುತ್ತಿದ್ದರು. ಎರಡನೆಯ ಪದ್ಯದ ಮೂರನೆಯ ಸಾಲಿನಲ್ಲಿ, ತಾಯಿ ‘ಮಗನೇ’ ಎನ್ನುವಲ್ಲಿ, ಆ ಬೆರಳು ಮೆಲ್ಲಗೆ ಮೇಲೆದ್ದು ಗಾಳಿಯಲ್ಲಿ ನಿಂತಿತು. ನಿಂತೇ ಇತ್ತು. ಅಲ್ಲೇನೋ ಇದೆ, ಧಾಟಿ ಅಲ್ಲಿ ಎಲ್ಲಿಗೋ ಹತ್ತುತ್ತದೆ ಎಂದು ಮೇಷ್ಟ್ರಿಗೆ ತಿಳಿಯಿತು. ಎಲ್ಲಿಗೆಂದು ತಿಳಿಯಲಿಲ್ಲ.

“ಅಲ್ಲಿ ಏನು ಬರುತ್ತೆ ಅಮ್ಮ?”

ಕೌಸಲ್ಯಮ್ಮ ಬಾಯಿ ತೆರೆದರು. ಕತ್ತಿನ ನರ ಬಿಗಿಯಿತು. ಉಸಿರು ಮಾತ್ರ ಬಂತು. ಬೆರಳನ್ನು ಇಳಿಸಿ, ತಲೆಯಾಡಿಸಿ, “ಮುಂದೆ ಓದಿ” ಎಂದರು.

ಅವರು ಓದಿದರು. ಐದೂ ಪದ್ಯ ಮುಗಿದವು. ಮಂಗಳ ಹಾಡಲು ಆ ಕೋಣೆಯಲ್ಲಿ ಯಾರಿಗೂ ದನಿಯಿರಲಿಲ್ಲ. ತುಮಕೂರಿನ ಬಸ್ಸಿಗೆ ಹೊತ್ತಾಗುತ್ತಿದ್ದರೂ ಮೇಷ್ಟ್ರು ಪುಸ್ತಕವನ್ನು ಮುಚ್ಚದೆ, ವಸ್ತ್ರವನ್ನು ಕೈಯಲ್ಲಿ ಹಿಡಿದು ಕೂತೇ ಇದ್ದರು.